ಬಿಂದಿಗೆಗೆ ಕಲಾಯಿ ಯಾಕಿಲ್ಲ?

ಕೋರ ಎಂಬ ಊರಿನ ಒಂದು ಹೆಂಚಿನ ಮನೆಯ ಮೂಲೆಯಲ್ಲಿ ಎರಡು ತಾಮ್ರದ ಬಿಂದಿಗೆ. ಕುಡಿಯಲು ನೀರು ಕೇಳಿದೆ. ಆ ಮನೆಯ ಅಜ್ಜಿ ಹತ್ತಿರದ್ದನ್ನು ಬಿಟ್ಟು ಆಚೆಯದನ್ನು ಬಗ್ಗಿಸಿ ಚೊಂಬು ತುಂಬಿಸಿದರು. "ಇದು ಇವತ್ತು ತುಂಬಿದ್ದು, ನಾಳೆಗೆ. ನೀರು ಒಂದಿನ ಕೂತ್ಕೋಬೇಕು ಕಣಪ್ಪ."

ಒಂದು ದಿನ! ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಬೆಂಗಳೂರಿನ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲರಾ, ಟೈಫಾಯ್ಡ್, ಆಮಶಂಕೆಯ ರೋಗಾಣುಗಳನ್ನು ಬೆರೆಸಿದ ನೀರು ತಾಮ್ರದ ಪಾತ್ರೆಯಲ್ಲಿ 16 ಗಂಟೆ ನಿಂತಿತ್ತು. ಆಮೇಲೆ ಹುಡುಕಿದರೆ ಒಂದೂ ಸಿಗಲಿಲ್ಲ. ನೀರಿಗಿಳಿದ ತಾಮ್ರವೋ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 2 ಮಿಲಿಗ್ರಾಂ ಮಿತಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ರಾತ್ರಿ ಊಟವಾದ ಮೇಲೆ ತುಂಬಿಟ್ಟು ಬೆಳಗಾಗೆದ್ದು ಕುಡಿಯುವ ನಮ್ಮ ಪಟ್ಟಣದ ಅಭ್ಯಾಸಕ್ಕೆ 16 ಗಂಟೆ ಎಲ್ಲಿ ಸಿಗುತ್ತದೆ? ಅಜ್ಜಿಯ ಜೋಡಿ ಬಿಂದಿಗೆಗೆ ಸಿಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಕಲಾಯಿ. ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ ನೋಡಿದೆ. ಸಾರಿನ ಪಾತ್ರೆ, ಹುಳಿಯ ಪಾತ್ರೆಗಳ ಒಳಗೆಲ್ಲ ತವರದ ಬಿಳುಪು. ಬಿಂದಿಗೆಯ ಒಳಗೆ ಮಾತ್ರ ಬರಿಯ ತಾಮ್ರ. ಕಾದ ಪಾತ್ರೆಗೆ ನವಸಾಗರ ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ತೀಡುವ ಕಲಾಯಿಯವರು ಈಗ ಅಪರೂಪ. ಹುಣಸೆಹುಳಿ, ಮಜ್ಜಿಗೆ ತಾಗಿದರೆ ತಾಮ್ರ ಕರಗುತ್ತದೆ, ಅಂಥದ್ದನ್ನು ತಿಂದರೆ ವಾಂತಿ. ತವರ ಅದನ್ನು ತಡೆಯುತ್ತದೆ. ಅದೇ ತವರ ನೀರಿಗೂ ತಾಮ್ರಕ್ಕೂ ನಡುವೆ ನಿಂತರೆ ರೋಗಾಣು ಕೊಲ್ಲುವವರೇ ಇಲ್ಲ. "ಬಿಂದಿಗೆಗೆ ಕಲಾಯಿ ಹಾಕಿಸ್ತಿರ್ಲಿಲ್ವಾ?" ಎಂದೆ. "ನೀರಿಗ್ಯಾಕೆ? ಅದೇನು ಹುಳೀನಾ?" ಎಂದರು. ನಿಂಬೆಹಣ್ಣು ಹಿಂಡಿದ ನೀರನ್ನು ತಾಮ್ರದ ಬಾಟಲಿಯಲ್ಲಿ ಹೊತ್ತು ತಿರುಗುವವರಿಗೆ ಈ ಮಾತು ಮುಟ್ಟಬೇಕು.

ತಾಮ್ರದ ನೀರು ಬೊಜ್ಜು ಕರಗಿಸುತ್ತದೆ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಪಾವಗಡ, ಸಿರಾ ಕಡೆಯ ಕೊಳವೆಬಾವಿಗಳ ಫ್ಲೋರೈಡನ್ನಂತೂ ಯಾವ ಬಿಂದಿಗೆಯೂ ತೆಗೆಯದು. ಅಜ್ಜಿಯ ಮನೆಗೆ ಶುದ್ಧ ನೀರಿನ ಘಟಕದಿಂದ ಮೊಮ್ಮಗ ಕ್ಯಾನು ತರುತ್ತಾನೆ. ನಾನು ಹೊರಡುವ ಹೊತ್ತಿಗೆ ಅವರು ಖಾಲಿಯಾದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕಿಲುಬು ಬಿಡಿಸಿ, ಆ ಕ್ಯಾನಿನ ನೀರನ್ನೇ ಸುರಿಯುತ್ತಿದ್ದರು.