ಬೀಗ ಹಾಕಿದವನೂ ಕಳ್ಳನೇ?

ಕಳ್ಳನನ್ನು ಹಿಡಿಯಲು ಮಾಡಿದ ಕಾನೂನು ಮನೆಗೆ ಬೀಗ ಹಾಕಿಕೊಂಡವನನ್ನೇ ಹಿಡಿದರೆ ಗತಿಯೇನು? ಅಮೆರಿಕದ ಮಿಚಿಗನ್ ರಾಜ್ಯದಲ್ಲಿ 2003ರ ಮಾರ್ಚ್ 31ರಂದು ಜಾರಿಗೆ ಬಂದ ಕಾನೂನೊಂದು ಇಂಥದ್ದೇ ಫಜೀತಿ ತಂದಿಟ್ಟಿತು.

ಸಿನಿಮಾ, ಹಾಡು ಕದಿಯುವವರ ವಿರುದ್ಧ ಅಲ್ಲಿ 1998ರಲ್ಲೇ ರಾಷ್ಟ್ರಮಟ್ಟದ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆ ಬಂದಿತ್ತು. ಹಾಲಿವುಡ್ ಧಣಿಗಳ ಸಂಘಕ್ಕೆ ಅದು ಸಾಲಲಿಲ್ಲ. ಕೇಬಲ್, ಇಂಟರ್‌ನೆಟ್ ಕಳ್ಳರನ್ನು ಮಟ್ಟಹಾಕಬೇಕೆಂದು ಮಾದರಿ ಮಸೂದೆ ಹಿಡಿದು ರಾಜ್ಯ ರಾಜ್ಯಗಳ ಶಾಸನಸಭೆಗಳ ಬಾಗಿಲು ತಟ್ಟಿತು.

ಎಡವಟ್ಟಾದದ್ದು ಒಂದೇ ಒಂದು ಸಾಲಿನಲ್ಲಿ. ಸಂಪರ್ಕ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಎಂಬುದನ್ನು ಮರೆಮಾಡುವ ಸಾಧನ ತಯಾರಿಸುವುದು, ಮಾರುವುದಿರಲಿ, ಇಟ್ಟುಕೊಳ್ಳುವುದೂ ಅಪರಾಧ ಎಂದಿತು ಮಿಚಿಗನ್ ಕಾನೂನು. 4 ವರ್ಷದವರೆಗೆ ಜೈಲು!

ಮರೆಮಾಡದೆ ರಕ್ಷಣೆ ಎಲ್ಲಿಂದ ಬರಬೇಕು? ವಠಾರವನ್ನೇ ತಗೊಳ್ಳಿ. ಒಳಗೆ ಹತ್ತು ಬಿಡಾರ, ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಕಾಗದ ಯಾವ ಬಿಡಾರದಿಂದ ಹೊರಟಿತೋ ಹೊರಗಿನವರಿಗೆ ತಿಳಿಯದು. ಮನೆ, ಆಫೀಸುಗಳಲ್ಲಿ ಕೂತಿರುವ ರೂಟರ್ ಪೆಟ್ಟಿಗೆ ಮಾಡುವುದೂ ಇಷ್ಟೇ. ಫೈರ್‌ವಾಲ್, ಕಂಪನಿಗಳು ಬಳಸುವ ವಿಪಿಎನ್, ಗುಪ್ತಲಿಪಿಯ ಇ-ಮೇಲ್ ಎಲ್ಲದರ ಕಸುಬೂ ಒಂದಿಷ್ಟು ಮುಚ್ಚಿಡುವುದೇ. ಇವೆಲ್ಲ ಅಪರಾಧವಾಗುತ್ತವೆ ಎಂದು ಮೊದಲಿಗೆ ಗಂಟೆ ಬಾರಿಸಿದವರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಎಡ್ವರ್ಡ್ ಫೆಲ್ಟನ್ ಒಬ್ಬರು.

ಬಿಸಿ ತಟ್ಟಿದ್ದು ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ನೀಲ್ಸ್ ಪ್ರೊವೋಸ್‌ಗೆ. ಅವರ ‘ಹನಿಡಿ’ ತಂತ್ರಾಂಶ ಸುಳ್ಳು ಕಂಪ್ಯೂಟರುಗಳನ್ನು ತೋರಿಸಿ ನುಸುಳುಕೋರರ ಕೈಚಳಕ ಪತ್ತೆ ಮಾಡುವಂಥದ್ದು. ಕೇಸು ಬೀಳಬಹುದೆಂಬ ಅಂಜಿಕೆಯಿಂದ ಅವರು ತಂತ್ರಾಂಶ, ಪ್ರಬಂಧಗಳನ್ನು ನೆದರ್‌ಲೆಂಡ್ಸ್‌ಗೆ ಸಾಗಿಸಿದರು. ಕಾವಲುಗಾರ ಗಂಟುಮೂಟೆ ಕಟ್ಟಿದ. ಕಳ್ಳ ಮಾತ್ರ ಕಾನೂನು ಓದಿ ಕಸುಬು ಬಿಡುವವನಲ್ಲ.

ಗದ್ದಲ ಎದ್ದ ಮೇಲೆ ಮಾದರಿ ಮಸೂದೆಗೆ ‘ವಂಚಿಸುವ ಉದ್ದೇಶದಿಂದ’ ಎಂಬ ಮಾತು ಸೇರಿತು. ಕೊಲೊರಾಡೊದಲ್ಲಿ ಶಾಸಕರು ಪಾಸು ಮಾಡಿದ ಇಂಥದ್ದೇ ಮಸೂದೆಯನ್ನು ಗವರ್ನರ್ ಬಿಲ್ ಓವೆನ್ಸ್ 2003ರಲ್ಲಿ ತಳ್ಳಿಹಾಕಿದರು.

ನಮ್ಮಲ್ಲಿ? 2012ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮು ಡಿಜಿಟಲ್ ಬೀಗ ಒಡೆಯುವವನನ್ನು ಶಿಕ್ಷಿಸುತ್ತದೆ, ಆದರೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇರಬೇಕು ಎನ್ನುತ್ತದೆ. ಮಾಲೀಕರ ಒಪ್ಪಿಗೆ ಪಡೆದು ಕಂಪ್ಯೂಟರಿನ ಭದ್ರತೆ ಪರೀಕ್ಷಿಸುವವರಿಗೆ ವಿನಾಯ್ತಿಯೂ ಉಂಟು. ಕೈಯಲ್ಲಿರುವ ಸಾಧನವನ್ನಲ್ಲ, ಮನಸ್ಸಿನಲ್ಲಿರುವ ಉದ್ದೇಶವನ್ನು ಕೇಳುವ ಈ ಎರಡು ಮಾತು ಕಾಯಿದೆಯಲ್ಲಿ ಉಳಿಯಬೇಕು, ಅಷ್ಟೇ.