ದಿನಕ್ಕೊಂದು ಗಿಡ

ಪಾವಗಡದ ಬೆಟ್ಟವನ್ನೇರಿ, ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತು ಕೆಳಗೆ ನೋಡಿದರೆ, ವರ್ಷದ ಹೆಚ್ಚು ಕಾಲ ಕಣ್ಣಿಗೆ ಹಸುರು ಕಾಣುವುದು ಕಡಮೆ. ಬಿಸಿಲಿಗೆ ಕಾದ ಬಂಡೆ, ಬಂಡೆಯ ಸಂದಿನಲ್ಲಿ ಹೇಗೋ ಬೇರೂರಿದ ಸೀತಾಫಲದ ಪೊದೆ, ಅದರಾಚೆಗೆ ಕಡಲೆಕಾಯಿಯ ಕೆಂಪು ಹೊಲಗಳು, ಇನ್ನೂ ಆಚೆಗೆ ಬೋಳು ಗುಡ್ಡಗಳು. ಈ ತಾಲ್ಲೂಕಿನ ಬಿಸಿಲು ಎಂಥದೆಂದರೆ, ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ನೆಲದಲ್ಲಿ ಬಿಸಿಲನ್ನೇ ಬೆಳೆಯಾಗಿ ಮಾಡಿಕೊಂಡು 2018ರಿಂದ ವಿದ್ಯುತ್ತನ್ನು ಪಡೆಯುತ್ತಿದ್ದಾರೆ. ದಣಿದವನು ವಿಶ್ರಾಂತಿಗೆಂದು ಆರಿಸಿಕೊಳ್ಳುವ ಊರು ಇದಲ್ಲವೆಂದು ಯಾರಿಗಾದರೂ ತೋರೀತು. ಆದರೂ ಈ ಲೇಖನವನ್ನು ಇಲ್ಲಿಂದಲೇ ಆರಂಭಿಸಲು ನಮಗೆ ಕಾರಣವುಂಟು. ಅದನ್ನು ಮುಂದೆ ಹೇಳುತ್ತೇವೆ.

ನಮ್ಮ ವಾಚಕರಲ್ಲಿ ಅನೇಕರು ಮುಂದೆ ಡಾಕ್ಟರಾಗಬೇಕು, ದಾದಿಯಾಗಬೇಕು ಎಂದು ಹಂಬಲಿಸುವವರು. ಅದಕ್ಕಾಗಿ ಹಗಲಿರುಳು ಓದುತ್ತಿರುವವರು. ಅಂಥವರಿಗೆ ಒಂದು ಸುದ್ದಿ ವಿಚಿತ್ರವಾಗಿ ಕಂಡಿರಬಹುದು. ಇಷ್ಟು ಕಷ್ಟಪಟ್ಟು ಗಳಿಸಿದ ಆ ವೃತ್ತಿಯನ್ನು ನಡುದಾರಿಯಲ್ಲಿ ತೊರೆದು, ತೋಟವನ್ನೋ ಬೆಟ್ಟದ ಮಗ್ಗುಲನ್ನೋ ಸೇರಿ, 'ಈಗ ನಾನು ಸುಖಿ' ಎನ್ನುವವರು ಲೋಕದಲ್ಲೆಲ್ಲ ಇದ್ದಾರೆ. 2020 ಮತ್ತು 2021ರ ಕೊರೋನಾ ಪಿಡುಗಿನ ತರುವಾಯ ಅವರ ಮಾತು ಹೆಚ್ಚಾಗಿ ಕೇಳಿಬಂದಿತು. ಇವರು ಹೇಡಿಗಳೆ? ಜಾಣರೆ? ನಿಜವಾಗಿಯೂ ಗಿಡಮರಗಳು ಇವರಿಗೆ ಏನನ್ನಾದರೂ ಕೊಟ್ಟವೆ, ಇಲ್ಲವೆ ಕೆಲಸ ಬಿಟ್ಟುದೇ ಸುಖಕ್ಕೆ ಸಾಕಾಯಿತೆ? ಮೊದಲೆರಡು ಪ್ರಶ್ನೆಗಳಿಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ಮೂರನೆಯದಕ್ಕೆ ಸ್ವಲ್ಪ ಉಂಟು.

ದಣಿವು ಎಂದರೇನೆಂಬುದನ್ನು ಮೊದಲು ನೋಡೋಣ. 1936ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿಗೆ ಒಡ್ಡಿ, ಅತಿಯಾಗಿ ಓಡಿಸಿ, ಬೇರೆಬೇರೆ ವಿಷವಸ್ತುಗಳನ್ನು ಚುಚ್ಚಿ ನೋಡಿದನು. ಕಾಟವು ಯಾವುದೇ ಆಗಿರಲಿ, ಇಲಿಯ ಒಡಲಿನಲ್ಲಿ ಕಂಡ ಬದಲಾವಣೆಗಳು ಒಂದೇ ಬಗೆಯವು: ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಊದಿದ್ದುವು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣಾಗಿತ್ತು. ಮನುಷ್ಯನಲ್ಲಿಯೂ ಅಪಾಯದ ಅರಿವಾದೊಡನೆ ಮೆದುಳು ಈ ಗ್ರಂಥಿಗಳಿಗೆ ಆಜ್ಞೆ ಕಳುಹಿಸುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಸಕ್ಕರೆಯು ಸ್ನಾಯುಗಳಿಗೆ ಒದಗುತ್ತದೆ. ಹುಲಿ ಎದುರಾದಾಗ ಇದು ಪ್ರಾಣ ಉಳಿಸುವ ಏರ್ಪಾಡು. ಹುಲಿಯು ಹತ್ತು ನಿಮಿಷದಲ್ಲಿ ಹೊರಟುಹೋಗುತ್ತದೆ. ತೀವ್ರ ನಿಗಾ ಘಟಕದ ರಾತ್ರಿಪಾಳಿಯು ಹಾಗೆ ಹೋಗುವುದಿಲ್ಲ. ಮೇಲಾಗಿ ಈ ಹಾರ್ಮೋನಿಗೆ ತನ್ನದೇ ಆದ ದಿನಚರಿಯುಂಟು: ಬೆಳಗಿನ ಜಾವ ಏರಿ, ನಡುರಾತ್ರಿಗೆ ಇಳಿಯುವುದು ಅದರ ಕ್ರಮ. ರಾತ್ರಿಯೆಲ್ಲ ಎಚ್ಚರವಿದ್ದು ಹಗಲಿನಲ್ಲಿ ಮಲಗುವವರಲ್ಲಿ ಈ ತಾಳ ತಪ್ಪುತ್ತದೆ.

ಹೀಗೆ ತಾಳ ತಪ್ಪಿ ಬಳಲಿದವರ ಸ್ಥಿತಿಗೆ 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 'ಬರ್ನ್‌ಔಟ್' ಎಂಬ ಹೆಸರನ್ನು ಬಳಕೆಗೆ ತಂದನು. ಉರಿದುರಿದು ಎಣ್ಣೆ ತೀರಿದ ದೀಪವನ್ನು ನೆನೆದುಕೊಂಡರೆ ಅರ್ಥವಾದೀತು. ಗಮನಿಸಬೇಕಾದ ಸಂಗತಿಯೆಂದರೆ, ಅವನು ಇದನ್ನು ಕಂಡದ್ದು ಕಾರ್ಖಾನೆಯಲ್ಲಲ್ಲ. ಬಡವರಿಗೆ ಉಚಿತವಾಗಿ ಚಿಕಿತ್ಸೆ ನೀಡುತ್ತಿದ್ದ ಒಂದು ಚಿಕಿತ್ಸಾಲಯದಲ್ಲಿ, ಉತ್ಸಾಹದಿಂದ ದುಡಿಯಲು ತಾವಾಗಿಯೇ ಬಂದವರಲ್ಲಿ. ಮೊದಲು ಶಕ್ತಿ ಸೋರಿಹೋಗುವುದು, ಆಮೇಲೆ ರೋಗಿಯು ಮನುಷ್ಯನಾಗಿ ಕಾಣದೆ ಹಾಸಿಗೆಯ ನಂಬರಾಗಿ ಕಾಣತೊಡಗುವುದು, ಕಡೆಗೆ ತನ್ನಿಂದ ಏನೂ ಪ್ರಯೋಜನವಿಲ್ಲವೆಂಬ ಭಾವ ಬೇರೂರುವುದು. ಈ ಮೂರನ್ನೂ ಅಳೆಯುವ ಪ್ರಶ್ನಾವಳಿಯನ್ನು ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ಪ್ರಕಟಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ತನ್ನ ಪಟ್ಟಿಯಲ್ಲಿ ಸೇರಿಸಿತು. ಆದರೆ ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಒಂದು ವಿದ್ಯಮಾನವೆಂದು. ಈ ಭೇದ ಮುಖ್ಯವಾದುದು. ತಪ್ಪು ಬಳಲಿದವನ ಒಡಲಿನಲ್ಲಿ ಮಾತ್ರವೇ ಇಲ್ಲ, ಕೆಲಸದ ಏರ್ಪಾಡಿನಲ್ಲಿಯೂ ಇದೆ ಎಂದು ಅದು ಒಪ್ಪಿಕೊಂಡಂತಾಯಿತು.

ಇನ್ನು ವೈದ್ಯವೃತ್ತಿಯಿಂದ ಪ್ರಕೃತಿಯತ್ತ ತಿರುಗಿದವರ ಮಾತು. ಇದು ಹೊಸದೇನೂ ಅಲ್ಲ. ಸಸ್ಯಶಾಸ್ತ್ರವು ವೈದ್ಯ ವಿದ್ಯಾರ್ಥಿಗಳ ಪಾಠವಾಗಿದ್ದ ಕಾಲದಲ್ಲಿ ಅನೇಕರು ಈ ದಾರಿ ಹಿಡಿದರು. 1800ರಲ್ಲಿ ನಮ್ಮ ಮಧುಗಿರಿ, ಶಿರಾ ಸೀಮೆಗಳಲ್ಲಿ ಸಂಚರಿಸಿ ಇಲ್ಲಿನ ಬೆಳೆ, ಮಣ್ಣು, ಕಸಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ ವೃತ್ತಿಯಿಂದ ವೈದ್ಯನೇ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದವರು ಅವರಿಗಿಂತ ಅರ್ಧ ಶತಮಾನದಷ್ಟು ಈಚೆಗೆ ಶಿವಮೊಗ್ಗೆಯಲ್ಲಿದ್ದ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್.

ಕ್ಲೆಗ್‌ಹಾರ್ನರು ಹುಟ್ಟಿದ್ದು 1820ರಲ್ಲಿ ಮದರಾಸಿನಲ್ಲಿ, ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. 1841ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು, ಮರುವರ್ಷ ಮದರಾಸಿಗೆ ಬಂದು ಕಂಪೆನಿ ಸರ್ಕಾರದ ವೈದ್ಯರಾದರು. ಕೆಲವು ವರ್ಷಗಳಲ್ಲಿ ಅವರನ್ನು ಮೈಸೂರು ಸೀಮೆಯ ನಗರ ವಿಭಾಗಕ್ಕೆ ಕಳುಹಿಸಿದರು. ಆಗಿನ ಮಲೆನಾಡಿನಲ್ಲಿ ವೈದ್ಯನಾಗಿರುವುದೆಂದರೆ ಏನೆಂಬುದನ್ನು ಊಹಿಸಿಕೊಳ್ಳಿರಿ. ಜ್ವರದಿಂದ ಊರುಗಳೇ ಪಾಳುಬೀಳುತ್ತಿದ್ದ ಕಾಲ. ಆ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಸೊಳ್ಳೆಯ ಒಡಲಿನಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಅಂದರೆ ಐವತ್ತು ವರ್ಷಗಳ ತರುವಾಯ. ಕಾರಣ ತಿಳಿಯದ ಕಾಯಿಲೆಯೊಡನೆ ದಿನವೂ ಹೋರಾಡುವ ಕೆಲಸವದು.

ಅಲ್ಲಿ ಈ ತರುಣ ವೈದ್ಯರು ಒಂದು ಅಭ್ಯಾಸವನ್ನಿಟ್ಟುಕೊಂಡರು: ದಿನಕ್ಕೆ ಒಂದೇ ಒಂದು ಗಿಡ, ಅದನ್ನು ಕಾಲು ಗಂಟೆ ನೋಡುವುದು. ಎಲೆಯ ಅಂಚು ಹೇಗಿದೆ, ಹೂವಿನಲ್ಲಿ ಎಷ್ಟು ಕೇಸರಗಳಿವೆ, ಕಾಯಿ ಬಿರಿಯುವುದು ಎಲ್ಲಿಂದ — ಇಷ್ಟೇ. ಸ್ಥಳೀಯ ಚಿತ್ರಕಾರನೊಬ್ಬನಿಂದ ಆ ಗಿಡಗಳ ಚಿತ್ರಗಳನ್ನೂ ಬರೆಯಿಸಿದರು. 1848ರಲ್ಲಿ ಜ್ವರವು ಅವರನ್ನೇ ಹಿಡಿದು, ಅವರು ಕಾಯಿಲೆಯ ರಜೆಯ ಮೇಲೆ ಸ್ವದೇಶಕ್ಕೆ ಮರಳಬೇಕಾಯಿತು. ಅವರು ಸೋತು ವೃತ್ತಿಯನ್ನು ಬಿಟ್ಟರೆಂದಾಗಲಿ, ಗಿಡ ನೋಡಿ ಗುಣಹೊಂದಿದರೆಂದಾಗಲಿ ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಕಥೆ ಚೆಂದವಾದೀತು, ನಿಜವಾಗದು. ಆದರೆ ಭಾರತಕ್ಕೆ ಮರಳಿದ ಮೇಲೆ ಅವರ ಬದುಕು ಹಿಡಿದ ದಾರಿ ಆ ಕಾಲು ಗಂಟೆಯ ದಾರಿಯೇ. ಕಾಡುಗಳ ನಾಶದಿಂದಾಗುವ ಹಾನಿಯನ್ನು ಕುರಿತು ಅವರ ಮುಂದಾಳುತನದಲ್ಲಿ ಸಿದ್ಧವಾದ ವರದಿಯನ್ನು ಬ್ರಿಟಿಷ್ ವಿಜ್ಞಾನ ಸಂಘವು 1851ರಲ್ಲಿ ಪರಿಶೀಲಿಸಿತು. ಅನಂತರ ಅವರು ಮದರಾಸಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾದರು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಅವರು ಮಾಡಿದ್ದೆಲ್ಲವೂ ಒಳಿತೆಂದು ತಿಳಿಯಬೇಡಿರಿ. ಕುಮರಿ ಬೇಸಾಯವನ್ನು ತಡೆಯಬೇಕೆಂಬ ಅವರ ನಿಲುವಿನಿಂದ ಕಾಡಿನ ಜನರ ಬದುಕಿಗೆ ಪೆಟ್ಟು ಬಿದ್ದಿತು.

ಕಾಲು ಗಂಟೆ ಒಂದು ಗಿಡವನ್ನು ನೋಡುವುದರಲ್ಲಿ ಅಂಥದೇನಿದೆ? ಇದಕ್ಕೆ ಅಮೆರಿಕದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿಗಳು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿವರಣೆ ದೊರೆಯುತ್ತದೆ. ಅವರ ಮತದಲ್ಲಿ ನಮ್ಮ ಗಮನವು ಎರಡು ಬಗೆ. ಒಂದು, ಬಲವಂತದಿಂದ ಕಟ್ಟಿಹಾಕಿದ ಗಮನ: ಔಷಧದ ಪ್ರಮಾಣವನ್ನು ಲೆಕ್ಕಹಾಕುವಾಗ, ಯಂತ್ರದ ಗಂಟೆಗೆ ಕಿವಿಗೊಡುವಾಗ, ನೀವು ಪರೀಕ್ಷೆಗೆ ಓದುವಾಗ ಬೇಕಾದುದು. ಬೇರೆ ಎಲ್ಲವನ್ನೂ ಮನಸ್ಸಿನಿಂದ ತಳ್ಳುತ್ತಲೇ ಇರಬೇಕಾದುದರಿಂದ ಇದು ದಣಿಯುತ್ತದೆ. ಇನ್ನೊಂದು, ತಾನಾಗಿ ಹರಿಯುವ ಗಮನ: ಎಲೆ ಅಲುಗಿದರೆ, ಮೋಡ ಸರಿದರೆ, ಇರುವೆ ಸಾಲು ಹಿಡಿದು ಹೋದರೆ ಕಣ್ಣು ಅತ್ತ ಹೋಗುತ್ತದೆ, ಯಾರೂ ಎಳೆಯಬೇಕಾಗಿಲ್ಲ. ಇದು ನಡೆಯುವಾಗ ಮೊದಲನೆಯದಕ್ಕೆ ಬಿಡುವು ಸಿಗುತ್ತದೆ. ಆಸ್ಪತ್ರೆಯಲ್ಲಿ ಕಣ್ಣಿಗೆ ಬೀಳುವ ಪ್ರತಿಯೊಂದೂ ಡಾಕ್ಟರನಿಂದ ಏನನ್ನೋ ಬೇಡುತ್ತಿರುತ್ತದೆ. ತುಂಬೆಯ ಗಿಡವು ಏನನ್ನೂ ಬೇಡುವುದಿಲ್ಲ.

ವಿವರಣೆ ಸೊಗಸಾಗಿದೆ, ಪ್ರಯೋಗದ ಸಾಕ್ಷ್ಯವೆಲ್ಲಿ ಎಂದು ನೀವು ಕೇಳಬೇಕು. ಒಂದು ಪ್ರಸಿದ್ಧವಾದ ಪರಿಶೀಲನೆ ಆಸ್ಪತ್ರೆಯೊಳಗಿಂದಲೇ ಬಂದಿದೆ. ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರಾಜರ್ ಉಲ್ರಿಕ್ ಹೋಲಿಸಿ ನೋಡಿ 1984ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದುವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿಯಲ್ಲಿ ಮುಕ್ಕಾಲು ದಿನದಷ್ಟು ಬೇಗ ಮನೆಗೆ ಹೋದರು. ತೀವ್ರವಾದ ನೋವುನಿವಾರಕಗಳೂ ಅವರಿಗೆ ಕಡಮೆ ಸಾಕಾದುವು. ಆ ದಾಖಲೆಗಳನ್ನು ಬರೆದಿಟ್ಟವರು ದಾದಿಯರು. ಅವರಿಗೆ ದಿನವಿಡೀ ಮರ ಕಂಡಿತೋ ಗೋಡೆ ಕಂಡಿತೋ ಎಂಬುದು ಆ ಪರಿಶೀಲನೆಯ ವಿಷಯವಾಗಿರಲಿಲ್ಲ!

ಇನ್ನೊಂದು ಪ್ರಯೋಗವು ನಮ್ಮನ್ನು ಪಾವಗಡಕ್ಕೆ ಹಿಂದಿರುಗಿಸುತ್ತದೆ. 2015ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರು 38 ಮಂದಿಯನ್ನು ಎರಡು ಗುಂಪಾಗಿ ಮಾಡಿ, ತೊಂಬತ್ತು ನಿಮಿಷ ನಡೆಯಲು ಕಳುಹಿಸಿದರು. ಒಂದು ಗುಂಪು ವಾಹನಗಳಿಂದ ತುಂಬಿದ ಹೆದ್ದಾರಿಯ ಬದಿಯಲ್ಲಿ, ಇನ್ನೊಂದು ನಿಸರ್ಗದಲ್ಲಿ. ನಿಸರ್ಗದಲ್ಲಿ ನಡೆದವರಲ್ಲಿ, ಕಳೆದುಹೋದ ಕಹಿಯನ್ನೇ ಮೆಲುಕುಹಾಕುವ ಸ್ವಭಾವ ತುಸು ತಗ್ಗಿತು. ಆ ಮೆಲುಕಿಗೆ ಸಂಬಂಧಿಸಿದ ಮೆದುಳಿನ ಒಂದು ಭಾಗದ ಚಟುವಟಿಕೆಯೂ ಇಳಿದುದನ್ನು ಯಂತ್ರದಲ್ಲಿ ಕಂಡರು. ರಸ್ತೆಯ ಬದಿಯಲ್ಲಿ ನಡೆದವರಲ್ಲಿ ಹಾಗಾಗಲಿಲ್ಲ. ಈ 'ನಿಸರ್ಗ' ಎಂಥದು ಗೊತ್ತೆ? ದಟ್ಟವಾದ ಮಳೆಕಾಡಲ್ಲ. ಅಲ್ಲೊಂದು ಇಲ್ಲೊಂದು ಓಕ್ ಮರ, ಪೊದೆ, ಉಳಿದಂತೆ ಹುಲ್ಲು ಬಯಲು. ಓಕ್ ಮರದ ಜಾಗದಲ್ಲಿ ನಮ್ಮ ಜಾಲಿಯನ್ನೋ ಬರಗಾಲಕ್ಕೂ ಜಗ್ಗದ ಕಮರದ ಮರವನ್ನೋ ಇಟ್ಟು ನೋಡಿದರೆ, ಅದು ಈ ಸೀಮೆಯ ಚಿತ್ರವೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಜಯಮಂಗಲಿ ಕೃಷ್ಣಮೃಗಗಳ ಬಯಲು ಇಂಥದೇ. ಅಲ್ಲಿ ಮುಂಜಾನೆ ಹುಲ್ಲಿನ ನಡುವೆ ತಿರುಚಿದ ಕೊಂಬುಗಳು ಮೊದಲು ಕಾಣುತ್ತವೆ, ಮೃಗವು ಆಮೇಲೆ. ಪ್ರಕೃತಿಯೆಂದರೆ ಸಹ್ಯಾದ್ರಿಯ ಹಸುರು ಮಾತ್ರವೇ ಎಂದು ಭಾವಿಸಿ ಹಣ ತೆತ್ತು ದೂರ ಹೋಗುವವರು ಇದನ್ನು ಗಮನಿಸಬೇಕು. ನಾವು ಬೆಟ್ಟದಿಂದ ಆರಂಭಿಸಿದ್ದು ಇದಕ್ಕಾಗಿಯೇ.

ಎಷ್ಟು ಹೊತ್ತು ಸಾಕು? ಇಂಗ್ಲೆಂಡಿನ ಸುಮಾರು ಇಪ್ಪತ್ತು ಸಾವಿರ ಜನರ ಮಾಹಿತಿಯನ್ನು 2019ರಲ್ಲಿ ಪರಿಶೀಲಿಸಿದಾಗ, ವಾರಕ್ಕೆ ಒಟ್ಟು ಎರಡು ಗಂಟೆಯಾದರೂ ಬಯಲಿನಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳಿದ್ದು ಹೆಚ್ಚಾಗಿತ್ತು. ಆ ಎರಡು ಗಂಟೆ ಒಂದೇ ಸಲಕ್ಕೆ ಕಳೆದುದಾದರೂ ಸರಿ, ಬಿಡಿಬಿಡಿಯಾಗಿಯಾದರೂ ಸರಿ. ಆದರೆ ಆರೋಗ್ಯವಿದ್ದವರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆ ಎಂದೂ ಇದನ್ನು ಓದಬಹುದು. ಕಾರಣ ಯಾವುದು, ಕಾರ್ಯ ಯಾವುದು ಎಂಬ ಸಂದೇಹವನ್ನು ಇಂಥ ಪರಿಶೀಲನೆಗಳಲ್ಲಿ ಕೈಬಿಡಕೂಡದು.

ಇಲ್ಲಿಗೆ ಕಷ್ಟದ ಭಾಗ ಬಂದಿತು. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ದೂರು. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ದೊಡ್ಡವರ ಕೀಲುಮೂಳೆಗಳು ಬಿಗಿಯುತ್ತವೆ. ತುಮಕೂರು ಇಲ್ಲಿಂದ ಸುಮಾರು ನೂರು ಕಿಲೋಮೀಟರು. ಇಂಥ ತಾಲ್ಲೂಕಿನಲ್ಲಿ ಒಬ್ಬ ಡಾಕ್ಟರು ಅಥವಾ ದಾದಿ ವೃತ್ತಿಯನ್ನು ತೊರೆದರೆ, ಅವರಿಗೆ ದೊರೆತ ನೆಮ್ಮದಿಯ ಬೆಲೆಯನ್ನು ಮತ್ತೊಬ್ಬರು ಬಸ್ಸಿನ ಚಾರ್ಜಿನಲ್ಲಿಯೂ ಕಳೆದ ಹೊತ್ತಿನಲ್ಲಿಯೂ ತೆರುತ್ತಾರೆ. ಹಾಗೆಂದು ಬಳಲಿದವರನ್ನು ಬೈದು ಪ್ರಯೋಜನವಿಲ್ಲ. ಎಣ್ಣೆ ತೀರಿದ ದೀಪವು ಬೈದರೆ ಉರಿಯದು. ಇಬ್ಬರು ಮಾಡುವ ಪಾಳಿಗೆ ಮೂವರನ್ನು ನೇಮಿಸುವುದು, ರಾತ್ರಿಪಾಳಿಗಳ ನಡುವೆ ನಿದ್ದೆಗೆ ಎಡೆಗೊಡುವುದು, ಇವು ಆಡಳಿತದವರ ಕೆಲಸ. ಬೇವಿನ ಮರದ ನೆರಳನ್ನು ಇವುಗಳ ಬದಲಾಗಿ ಕೊಡುವೆವೆಂದರೆ ಅದು ಮೋಸವಾದೀತು. ಇವುಗಳ ಜೊತೆಗೆ ಆಸ್ಪತ್ರೆಯ ಹಿತ್ತಿಲಿನಲ್ಲಿ ಆ ನೆರಳೂ ಇದ್ದು, ಅಲ್ಲಿ ಕಾಲು ಗಂಟೆ ಕೂರಲು ದಾದಿಗೆ ಯಾರನ್ನೂ ಕೇಳಬೇಕಾಗಿಲ್ಲವೆಂದಾದರೆ, ಎಷ್ಟೋ ಮಂದಿ ಬಿಟ್ಟುಹೋಗದೆ ಉಳಿದಾರೆಂದು ನಮಗೆ ತೋರುತ್ತದೆ. ಇದು ನಮ್ಮ ಊಹೆ, ಅಳೆದ ಸತ್ಯವಲ್ಲ.

ಕ್ಲೆಗ್‌ಹಾರ್ನರ ಚಿತ್ರಗಳು ಇಂದು ಎಡಿನ್‌ಬರೋ ನಗರದ ರಾಜೋದ್ಯಾನದ ಸಂಗ್ರಹದಲ್ಲಿವೆ. ಅವುಗಳಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮ ಶಾಲೆಯ ಬೇಲಿಯಲ್ಲಿ ತುಂಬೆಯೋ ಉತ್ತರಾಣಿಯೋ ಇದ್ದೇ ಇದೆ. ತುಂಬೆಯನ್ನೇ ತೆಗೆದುಕೊಳ್ಳಿರಿ: ಬಿಳಿಯ ಹೂವಿನ ಕೆಳತುಟಿ ಮೇಲ್ತುಟಿಗಿಂತ ದೊಡ್ಡದು. ಅದರ ಮೇಲೆ ಜೇನುಹುಳು ಬಂದು ಕೂರುವಾಗ ಹುಳುವಿನ ಬೆನ್ನಿಗೆ ಏನು ಅಂಟುತ್ತದೆ, ಎಲ್ಲಿಂದ ಅಂಟುತ್ತದೆ ಎಂಬುದನ್ನು ನೋಡಿ ಬರೆದಿಡಿರಿ. ಕಾಲು ಗಂಟೆ ಸಾಲದೆ ಹೋದೀತು.