‘ಟಪ್’ ಎನ್ನದೆ ಕರಗುವ ಸದ್ದು

ಸರ್ಜಾಪುರ ರಸ್ತೆಯಲ್ಲಿ ನೆಲೆಯೂರಿರುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2000ದ ದಶಕದಲ್ಲಿ ಸರ್ಕಾರಿ ಶಾಲೆಗಳಿಗಾಗಿ ಕನ್ನಡದಲ್ಲೂ ಪಾಠದ ಸಿ.ಡಿ.ಗಳನ್ನು ಹೊರತಂದಿತು. ಚಿತ್ರ, ಮಾತು, ಸಂಗೀತ ಎಲ್ಲವೂ ಒಂದೇ ತಟ್ಟೆಯಲ್ಲಿ! ಇಂಥ ಸಿ.ಡಿ. ತಯಾರಿಕೆಯಲ್ಲಿ ಸದ್ದನ್ನು ನಿಲ್ಲಿಸುವುದೇ ನಾಜೂಕಿನ ಕೆಲಸ. ತರಂಗವನ್ನು ನಡುವೆಯೇ ಕತ್ತರಿಸಿದರೆ ಸ್ಪೀಕರಿನ ಪೊರೆ ಥಟ್ಟನೆ ಸ್ವಸ್ಥಾನಕ್ಕೆ ನೆಗೆದು ‘ಟಪ್’ ಎನ್ನುತ್ತದೆ. ಮಕ್ಕಳ ಗಮನ ಅತ್ತ ಜಾರಿ, ಮುಂದಿನ ವಾಕ್ಯ ಕಿವಿಗೇ ಬೀಳುವುದಿಲ್ಲ.

ಆ ಕಾಲದಲ್ಲಿ ಹೆಸರಾಗಿದ್ದ ತಂತ್ರಾಂಶ ಮ್ಯಾಕ್ರೊಮೀಡಿಯಾದ ‘ಡೈರೆಕ್ಟರ್’. ಅದರ ಲಿಂಗೊ ಭಾಷೆಯಲ್ಲಿ ‘ಸೌಂಡ್ ಫೇಡ್‌ಔಟ್ 1, 60’ ಎಂದು ಬರೆದರೆ ಸಾಕು. ಒಂದನೇ ಚಾನೆಲ್ಲಿನ ಸದ್ದು 60 ಟಿಕ್‌ಗಳಲ್ಲಿ, ಅಂದರೆ ಒಂದು ಸೆಕೆಂಡಿನಲ್ಲಿ, ಮೀಟಿದ ವೀಣೆಯ ನಾದದಂತೆ ಕರಗುತ್ತಿತ್ತು.

2017ರಲ್ಲಿ ಡೈರೆಕ್ಟರ್ ಮಾರಾಟ ನಿಂತಿತು. ಉಪಾಯ ಹಳತಾಗಿಲ್ಲ. ಉಚಿತವಾಗಿ ಸಿಗುವ ‘ಸ್ಕ್ರ್ಯಾಚ್’ನಲ್ಲಿ ಮಕ್ಕಳೇ ಮಾಡಿ ನೋಡಬಹುದು: ಸಂಗೀತ ಶುರುಮಾಡಿ, ಸದ್ದಿನ ಮಟ್ಟವನ್ನು 10ರಷ್ಟು ಇಳಿಸಿ 0.1 ಸೆಕೆಂಡು ಕಾಯುವುದನ್ನು ಹತ್ತು ಸಲ ಪುನರಾವರ್ತಿಸಿ. ಇಳಿತ ಒಂದೇ ಸಮನಾಗಿ ಕೇಳಿಸದು. 100ರಿಂದ 50ಕ್ಕೆ ಇಳಿದಾಗ ಕಿವಿಗೆ ಸದ್ದು ಅರ್ಧಕ್ಕಿಂತ ಹೆಚ್ಚೇ ಉಳಿದಂತೆ ತೋರುತ್ತದೆ. ಕೊನೆಗೆ ಮಟ್ಟವನ್ನು ಮತ್ತೆ 100ಕ್ಕೆ ಏರಿಸದಿದ್ದರೆ ಮುಂದಿನ ಮಾತು ಮೌನವಾಗಿಯೇ ಸಾಗೀತು.